ಬಿಳಿ ಗೆರೆ, ಹಳದಿ ಗೆರೆ

ನನ್ನ ಗಂಡನಿಗೆ ಆ ಕಾರು ಸಿಕ್ಕಿದ್ದು ಜಗಳೂರಿನಲ್ಲಿ. ಆಗ ಅವರು ಅಲ್ಲಿ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದರು. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಈಗಲೂ ಅಲ್ಲೇ ಇದ್ದೇನೆ. ಮನೆ ಹೊನ್ನಾಳಿಯಲ್ಲಿ. ಪ್ರತಿ ಶನಿವಾರ ಸಂಜೆ ಬಸ್ಸಿಗೆ ಬರುತ್ತಿದ್ದವರು ಒಂದು ಶನಿವಾರ ಬಸ್ಸಿಗೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ಟ್ರ್ಯಾಕ್ಟರಿನಂಥ ಸದ್ದು ಕೇಳಿಸಿತು. ಬೂದು ಬಣ್ಣದ ಉದ್ದನೆಯ ಕಾರೊಂದು ಮನೆ ಮುಂದೆ ಬಂದು ನಿಂತಿತು. ಅದರಿಂದ ಇಳಿದ ಮನುಷ್ಯನ ರೆಪ್ಪೆಗೂದಲಿನವರೆಗೂ ಕೆಂಪು ಧೂಳು. ಕಿಟಕಿಯ ಗಾಜುಗಳು ಮೇಲೇರುವುದಿಲ್ಲವಂತೆ.

"ಏನ್ರೀ ಇದು?" ಅಂದೆ.

"ಜರ್ಮನಿದು."

"ಓಡ್ತೈತಾ?"

"ಇಲ್ಲೀತನಕ ಬಂತಲ್ಲ," ಅಂದು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರು.

ನಿವೃತ್ತ ಡಾಕ್ಟರೊಬ್ಬರ ಹೊಲದ ಗಡಿ ಅಳೆಯಲು ಹೋದಾಗ ಅವರ ಗೋದಾಮಿನಲ್ಲಿ, ಶೇಂಗಾ ಚೀಲಗಳ ಹಿಂದೆ, ತಾಡಪಾಲಿನ ಕೆಳಗೆ ಅದು ಕಂಡಿತಂತೆ. ಇಪ್ಪತ್ತೈದು ವರ್ಷ ದಾಟಿದ ಡೀಸೆಲ್ ಗಾಡಿ. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದ ಸದ್ದು ಬರುತ್ತಿತ್ತು. ಆ ಸದ್ದಿಗೇ ತಾನು ಸೋತದ್ದು ಎಂದು ಆಮೇಲೆ ಹೇಳುತ್ತಿದ್ದರು. ಬೇಕಾದಾಗ ಬೇಡವಾದಾಗ ಬಾಗಿಲು ತೆಗೆದು ಹಾಕಿ ನನಗೂ ಕೇಳಿಸುತ್ತಿದ್ದರು.

ನಮಗೆ ಮಕ್ಕಳಿಲ್ಲ. ಕಾರೇ ಮಗು ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ನನಗೆ ಆ ಮಾತು ಸೇರುತ್ತಿರಲಿಲ್ಲ. ಭಾನುವಾರವೆಲ್ಲ ಗ್ರೀಸು, ಡೀಸೆಲ್ಲಿನ ವಾಸನೆ, ಅಡುಗೆಮನೆಯ ಪಾತ್ರೆಯಲ್ಲಿ ನೆನೆಹಾಕಿದ ನಟ್ಟು ಬೋಲ್ಟು. ಆದರೂ ಹೊನ್ನಾಳಿಗೆ ವರ್ಗವಾಗಿ ಬಂದಮೇಲೆ ಅವರು ಹಿತ್ತಿಲಲ್ಲಿ ತಗಡಿನ ಶೆಡ್ಡು ಕಟ್ಟಿದಾಗ ಕಂಬ ನೆಟ್ಟಗೆ ಹಿಡಿದು ನಿಂತವಳು ನಾನೇ.

ಚನ್ನಗಿರಿಯಲ್ಲಿ ಒಬ್ಬ ಮೆಕ್ಯಾನಿಕ್ಕು ಇದ್ದರು. ಟ್ರ್ಯಾಕ್ಟರಿನ ಡೀಸೆಲ್ ಪಂಪು ಬಿಚ್ಚಿ ಸರಿಮಾಡುವುದರಲ್ಲಿ ಸುತ್ತಮುತ್ತ ಅವರ ಹೆಸರು ದೊಡ್ಡದು. ಅರವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಈ ಕಾರನ್ನು ಮೊದಲ ಸಲ ನೋಡಿದಾಗ ಅವರು ಬಾನೆಟ್ಟು ಎತ್ತಿ ಒಂದೊಂದೇ ಭಾಗದ ಮೇಲೆ ಬೆರಳಾಡಿಸಿ, "ಇದನ್ನ ಮಾಡಿದೋರು ಅವಸರ ಮಾಡಿಲ್ಲ ಅಣ್ಣಾರೆ," ಅಂದರಂತೆ. ಅಲ್ಲಿಂದ ಇಬ್ಬರಿಗೂ ಸ್ನೇಹ. ಇವರು ಕಾರು ತೆಗೆದುಕೊಂಡು ಕೆರೆಬಿಳಚಿ ದಾಟಿ ಚನ್ನಗಿರಿಗೆ ಹೋದರೆಂದರೆ ಆ ದಿನ ಊಟಕ್ಕೆ ಕಾಯುವ ಹಾಗಿರಲಿಲ್ಲ.

ಇಬ್ಬರೂ ಸೇರಿ ಆ ಕಾರನ್ನು ಎಷ್ಟು ಬದಲಾಯಿಸಿದರೆಂದರೆ ಅದರ ರಿಪೇರಿ ಪುಸ್ತಕ ಕೆಲಸಕ್ಕೆ ಬಾರದಾಯಿತು. ನಮ್ಮ ರಸ್ತೆಯ ಉಬ್ಬುಗಳಿಗೆ ಹೊಟ್ಟೆ ತಾಗುತ್ತದೆಂದು ಸ್ಪ್ರಿಂಗು ಬೇರೆ ಹಾಕಿ ಎತ್ತರಿಸಿದರು. ಬಿಸಿಯಾಗುತ್ತದೆಂದು ಬೇರೊಂದು ಗಾಡಿಯ ಫ್ಯಾನು ಕೂರಿಸಿದರು. ಇಂಜಿನ್ನಿನ ಮುಂದಿನ ಪುಲ್ಲಿ ಒಡೆದಾಗ ಅದೇ ಅಳತೆಯದು ಸಿಗದೆ, ಇನ್ನೊಂದನ್ನು ತಂದು ಲೇತಿನಲ್ಲಿ ಕಡೆಸಿ ಹಾಕಿದರು. ಆ ಪುಲ್ಲಿಯಲ್ಲಿ ಕಂಪನಿಯ ಗುರುತು ಇರಲಿಲ್ಲ. ಅದಕ್ಕೇ ಇವರು ಪೇಂಟಿನಲ್ಲಿ ತಮ್ಮದೇ ಎರಡು ಗೆರೆ ಎಳೆದುಕೊಂಡಿದ್ದರು, ಒಂದು ಬಿಳಿ, ಒಂದು ಹಳದಿ. ಒಂದು ಗೆರೆ ಬೆಲ್ಟು ಕೂರಿಸುವಾಗ, ಇನ್ನೊಂದು ಡೀಸೆಲ್ ಪಂಪು ಕೂರಿಸುವಾಗ ನೋಡಬೇಕಾದದ್ದು. ಯಾವುದು ಯಾವುದಕ್ಕೆ ಎಂದು ಎಲ್ಲಿಯೂ ಬರೆದಿಡಲಿಲ್ಲ.

"ಬರೆದಿಡ್ರೀ," ಎಂದು ನಾನೇ ಒಮ್ಮೆ ಹೇಳಿದ್ದೆ.

"ನಾನಿಲ್ಲೇ ಇರ್ತೀನಲ್ಲ," ಅಂದಿದ್ದರು.

ಆ ಭಾನುವಾರ ಬೆಳಿಗ್ಗೆ ಅವರು ನೀರಿನ ಪಂಪು ಬದಲಿಸಲು ಬೆಲ್ಟು ಬಿಚ್ಚಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದೆ. ಶೆಡ್ಡಿನಲ್ಲಿ ಸ್ಪಾನರು ಬಿದ್ದ ಸದ್ದಾಯಿತು. ಅದು ದಿನಾ ಬೀಳುವ ವಸ್ತು, ನಾನು ಏಳಲಿಲ್ಲ. ಇನ್ನೆರಡು ರೊಟ್ಟಿ ಬೇಯಿಸಿದೆ. ಆ ಎರಡು ರೊಟ್ಟಿಯ ಹೊತ್ತನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಕರೆಯಲು ಹೋದಾಗ ಅವರು ಮುಂದಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಬಾಯಿ ಒಂದು ಕಡೆ ಇಳಿದಿತ್ತು. ಬಲಗೈಯನ್ನು ಎಡಗೈಯಿಂದ ಎತ್ತಿ ನೋಡುತ್ತಿದ್ದರು, ಬೇರೆ ಯಾರದೋ ಕೈ ತಮ್ಮ ತೊಡೆಯ ಮೇಲೆ ಇದ್ದ ಹಾಗೆ.

ಮನೆಯಲ್ಲಿದ್ದ ಒಂದೇ ಗಾಡಿ ಇಂಜಿನ್ನು ಬಿಚ್ಚಿಕೊಂಡು ನಿಂತಿತ್ತು. ಬೀದಿಗೆ ಓಡಿ ಕೂಗಿಕೊಂಡೆ. ಎದುರು ಮನೆಯವರು ಸಂತೆಗೆ ಹೊರಟ ವ್ಯಾನಿನಿಂದ ಚೀಲಗಳನ್ನು ಇಳಿಸಿ ಇವರನ್ನು ಮಲಗಿಸಿದರು. ಶಿವಮೊಗ್ಗ ಮುಟ್ಟುವವರೆಗೂ ಇವರು ನನ್ನನ್ನು ನೋಡುತ್ತಾ ಏನೋ ಹೇಳುತ್ತಲೇ ಇದ್ದರು. ಒಂದು ಮಾತೂ ಮಾತಾಗಿರಲಿಲ್ಲ.

ಪಾರ್ಶ್ವವಾಯು. ಬಲಗೈ ಹೋಯಿತು, ಬಲಗಾಲು ಅರ್ಧ ಉಳಿಯಿತು. ಹೆಚ್ಚು ಹಾಳಾದದ್ದು ಮಾತು. ಮೂರು ವಾರಕ್ಕೆ ಮನೆಗೆ ಕರೆತಂದಾಗ ಅವರ ಬಾಯಲ್ಲಿ ಹತ್ತಿಪ್ಪತ್ತು ಪದ ಇದ್ದವು, ಅವೂ ಕರೆದ ಕಡೆ ಬರುತ್ತಿರಲಿಲ್ಲ. ಕನ್ನಡಕ ಬೇಕಾದರೆ "ಬುಧವಾರ" ಅನ್ನುವರು. ನನ್ನನ್ನು ಕರೆಯಬೇಕಾದರೆ "ಚಮಚ". ಹೇಳಿದ್ದು ತಪ್ಪೆಂದು ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ ತಲೆ ಅಲ್ಲಾಡಿಸುವರು, ಮತ್ತೆ ಪ್ರಯತ್ನಿಸುವರು, ಮತ್ತೆ ಅದೇ ಚಮಚ.

"ಹೂಂ" ಒಂದು ಮಾತ್ರ ಸಲೀಸಾಗಿ ಬರುತ್ತಿತ್ತು. ಊಟ ಮಾಡ್ತೀರಾ ಅಂದರೆ ಹೂಂ. ಬೇಡವಾ ಅಂದರೂ ಹೂಂ. ಮಾತು ಕಲಿಸಲು ಶಿವಮೊಗ್ಗದಲ್ಲಿ ಒಬ್ಬ ಮೇಡಂ ಇದ್ದರು. ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ಇವರ ಹೂಂ ನಂಬಬೇಡಿ. ಹೌದು ಅಂದರೆ ಎಡಗೈ ಹೆಬ್ಬೆರಳು ಮೇಲೆ, ಇಲ್ಲ ಅಂದರೆ ಕೆಳಗೆ. ಬೆರಳನ್ನೇ ಕೇಳಿ." ಮನೆಯಲ್ಲಿ ಅದನ್ನೇ ರೂಢಿ ಮಾಡಿಕೊಂಡೆವು. ಎಷ್ಟೋ ಸಲ ಊಟದ ತಟ್ಟೆ ಮುಂದಿಟ್ಟು ಬೆರಳಿಗಾಗಿ ಕಾಯುತ್ತಾ ಇಬ್ಬರೂ ಕೂತಿರುತ್ತಿದ್ದೆವು.

"ಒಳಗೆ ಎಲ್ಲಾ ಹಂಗೇ ಐತೆ. ಹೊರಗೆ ಬರಾಕೆ ದಾರಿ ಇಲ್ಲ, ಅಷ್ಟೇ." ನೋಡಲು ಬಂದವರೆಲ್ಲ ಹೀಗೆ ಹೇಳಿ ಹೋಗುತ್ತಿದ್ದರು. ಚನ್ನಗಿರಿಯ ಮೆಕ್ಯಾನಿಕ್ಕೂ ಇದನ್ನೇ ಹೇಳಿದರು. ನಾನೂ ಅದನ್ನು ಹಿಡಿದುಕೊಂಡೆ. ನನಗೆ ಹಿಡಿದುಕೊಳ್ಳಲು ಬೇರೆ ಏನಿತ್ತು?

ಆರನೆಯ ತಿಂಗಳಲ್ಲಿ ಒಂದು ದಿನ ಅವರೇ ಕೋಲೂರಿಕೊಂಡು ಶೆಡ್ಡಿಗೆ ಹೋದರು. ಇಂಜಿನ್ನು ಬಿಚ್ಚಿದ ಹಾಗೇ ಇತ್ತು. ಹಲ್ಲಿನ ಬೆಲ್ಟು ಮೊಳೆಗೆ ತೂಗುಹಾಕಿದ್ದರು. ಅದರ ಮುಂದೆ ನಿಂತು ನನ್ನ ಕಡೆ ತಿರುಗಿದರು. ಆ ನೋಟಕ್ಕೆ ಬೆರಳು ಬೇಕಾಗಿರಲಿಲ್ಲ.

ಹೀಗೆ ನಾನು ರಿಪೇರಿ ಕಲಿಯಲು ಹೊರಟೆ. ಸ್ಕೂಲಿನಿಂದ ಬಂದು ಸೀರೆ ಬಿಚ್ಚಿ ಹಳೆಯ ಚೂಡಿದಾರ ಹಾಕಿಕೊಂಡು ಶೆಡ್ಡಿಗೆ ಹೋಗುತ್ತಿದ್ದೆ. ಅವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎಡಗೈಯಲ್ಲಿ ತೋರಿಸುವರು. ಸ್ಪಾನರಿನ ನಂಬರು ಹೇಳಲು ಬರುತ್ತಿರಲಿಲ್ಲ, ಆದರೆ ಒಂದರಿಂದ ಎಣಿಸಿಕೊಂಡು ಹೋಗಲು ಬರುತ್ತಿತ್ತು. ಹದಿಮೂರರ ಸ್ಪಾನರು ಬೇಕಾದರೆ ಒಂದು, ಎರಡು, ಮೂರು ಎಂದು ಶುರುಮಾಡಿ ಹದಿಮೂರಕ್ಕೆ ನಿಲ್ಲುವರು. ಕೆಲವು ಸಲ ನಿಲ್ಲಲಾಗದೆ ಹದಿನೈದು, ಹದಿನಾರಕ್ಕೆ ಜಾರುವರು. ಆಗ ಮತ್ತೆ ಒಂದರಿಂದ. ಮೂವತ್ತು ವರ್ಷ ಮಕ್ಕಳಿಂದ ಮಗ್ಗಿ ಹೇಳಿಸಿದವಳು ನಾನು. ಇವರು ಹನ್ನೆರಡು ದಾಟುವಾಗ ನಾನೂ ತುಟಿಯಲ್ಲೇ ಜೊತೆಗೆ ಎಣಿಸುತ್ತಿದ್ದೆ.

ನೀರಿನ ಪಂಪು ಕೂತಿತು. ಬೋಲ್ಟುಗಳು ಬಿಗಿಯಾದವು. ಆ ವಾರಗಳಲ್ಲಿ ನಾವು ಬಹುಶಃ ಸಂತೋಷವಾಗಿದ್ದೆವು. ಉಳಿದದ್ದು ಬೆಲ್ಟು ಒಂದೇ.

ಇಂಜಿನ್ನಿನೊಳಗೆ ಪಿಸ್ಟನ್ನು ಕೆಳಗಿನಿಂದ ಮೇಲಕ್ಕೆ ಬರುತ್ತದೆ, ವಾಲ್ವು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಒಂದು ಬರುವ ಹೊತ್ತಿಗೆ ಇನ್ನೊಂದು ಸರಿದಿರಬೇಕು. ಆ ಹೊತ್ತನ್ನು ಕಾಯುವುದು ಬೆಲ್ಟು. ಅದನ್ನು ತಪ್ಪು ಗೆರೆಗೆ ಕೂರಿಸಿದರೆ ಎರಡೂ ಡಿಕ್ಕಿಯಾಗುತ್ತವೆ. ಇದನ್ನು ನನಗೆ ಫೋನಿನಲ್ಲಿ ಬಿಡಿಸಿ ಹೇಳಿದವರು ಮೆಕ್ಯಾನಿಕ್ಕು.

"ಬಿತ್ತನೆ ಟೈಮು ಅಕ್ಕಾ, ಅಂಗಡಿ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾವೆ. ಮೂರು ವಾರ ತಡೀರಿ, ನಾನೇ ಬರ್ತೀನಿ."

"ಇವರು ತಡೀತಿಲ್ಲ. ದಿನಾ ಬೆಲ್ಟ್ ತೋರಿಸ್ತಾರೆ."

"ಹಂಗಾದ್ರೆ ಹಾಕ್ರಿ. ಅಣ್ಣಾರಿಗೆ ಗೆರೆ ಗೊತ್ತೈತೆ. ಹಾಕಿದ್ಮ್ಯಾಲೆ ಸ್ಪಾನರ್ ಕೊಟ್ಟು ಕೈಲೇ ಎರಡು ಸುತ್ತು ತಿರುಗಿಸ್ರಿ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ನಿಲ್ಸಿಬಿಡ್ರಿ. ಕೀಲಿ ಮುಟ್ಬ್ಯಾಡ್ರಿ."

ಭಾನುವಾರ ಹತ್ತು ಗಂಟೆಗೆ ಕೂತೆವು. ಬಿಳಿ ಗೆರೆಯ ಮೇಲೆ ಬೆರಳಿಟ್ಟು, "ಬೆಲ್ಟಿಗೆ ಇದಾ?" ಅಂದೆ. ಹೆಬ್ಬೆರಳು ಮೇಲಾಯಿತು. ಹಳದಿಯ ಮೇಲಿಟ್ಟು, "ಡೀಸೆಲ್ ಪಂಪಿಗೆ ಇದಾ?" ಅಂದೆ. ಮೇಲಾಯಿತು. ಚಹಾ ಕುಡಿದು ಬಂದು, ಉಲ್ಟಾ ಮಾಡಿ ಮತ್ತೆ ಕೇಳಿದೆ. ಈ ಸಲ ಎರಡಕ್ಕೂ ಬೆರಳು ಕೆಳಗಾಯಿತು. ಪರೀಕ್ಷೆಯಲ್ಲಿ ಲೆಕ್ಕ ಮಾಡಿ ತಾಳೆ ನೋಡುವುದನ್ನು ಕಲಿಸುವವಳು ನಾನು. ತಾಳೆ ನೋಡಿದ್ದೆ, ಸರಿಬಂದಿತ್ತು.

ಬೆಲ್ಟು ಹಾಕಿದೆ. ಶೆಡ್ಡಿನ ಒಳಗೆ ಬೆಳಕು ಕಡಿಮೆ, ಅವರು ಎಡಗೈಯಲ್ಲಿ ಟಾರ್ಚು ಹಿಡಿದಿದ್ದರು. ಸ್ಪಾನರು ಕೊಟ್ಟು ತಿರುಗಿಸತೊಡಗಿದೆ. ಮುಕ್ಕಾಲು ಸುತ್ತಿಗೆ ಬಿಗಿಯಾಯಿತು. ಇಂಜಿನ್ನು ತಿರುಗಿಸುವಾಗ ಒಂದು ಕಡೆ ಗಾಳಿ ಒತ್ತಿಕೊಂಡು ಬಿಗಿಯಾಗುತ್ತದೆ ಎಂದು ಅವರೇ ಯಾವಾಗಲೋ ಹೇಳಿದ್ದು ನೆನಪಿತ್ತು. ಇದು ಆ ಬಿಗಿಯೋ, ಬೇರೆಯೋ? ನನ್ನ ಕೈಗೆ ಗೊತ್ತಾಗಲಿಲ್ಲ. ನಾನು ಆವರೆಗೆ ಯಾವ ಇಂಜಿನ್ನನ್ನೂ ತಿರುಗಿಸಿದವಳಲ್ಲ.

"ಬಿಗಿ ಐತೆ. ಹಿಂಗೇ ಇರಬೇಕಾ?"

"ಹೂಂ."

"ಸರಿ ಐತಾ ಹಂಗಾದ್ರೆ?"

"ಹೂಂ."

ಬೆರಳನ್ನು ಕೇಳಬೇಕಿತ್ತು. ಅವರ ಕೈಯಲ್ಲಿ ಟಾರ್ಚಿತ್ತು. ಅದನ್ನು ಈಸಿಕೊಂಡು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಕೇಳಲಿಲ್ಲ. ಆರು ತಿಂಗಳು ಬೆರಳನ್ನೇ ಕೇಳಿದಮೇಲೆ ಗಂಡ ತನ್ನ ಬಾಯಿಂದ ಕೊಟ್ಟ ಉತ್ತರ ಅದು, ನನಗೆ ಅದನ್ನು ನಂಬುವ ಆಸೆಯಾಯಿತು.

"ಸ್ಟಾರ್ಟ್ ಮಾಡ್ಲಾ?"

"ಹೂಂ."

ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ. ಎತ್ತಿದ ಬಾನೆಟ್ಟು ಅಡ್ಡವಾಗಿ ಅವರು ಕಾಣುತ್ತಿರಲಿಲ್ಲ. ಕೀಲಿ ಅರ್ಧ ತಿರುಗಿಸಿ, ಇಂಜಿನ್ನು ಬಿಸಿಯಾಗುವವರೆಗೆ ಸ್ಟೀರಿಂಗಿನ ಹಿಂದೆ ಉರಿಯುವ ದೀಪ ಆರಲು ಕಾಯುವಾಗ ಅವರ ದನಿ ಕೇಳಿತು. ಹೂಂ, ಹೂಂ, ಹೂಂ. ಒಂದಕ್ಕಿಂತ ಒಂದು ಜೋರು. ಬಾನೆಟ್ಟಿನ ಸಂದಿಯಲ್ಲಿ ಟಾರ್ಚಿನ ಬೆಳಕು ಅತ್ತಿತ್ತ ಆಡಿತು. ಉತ್ಸಾಹ ಅಂದುಕೊಂಡೆ. ಕೀಲಿ ಪೂರ್ತಿ ತಿರುಗಿಸಿದೆ.

ಕಬ್ಬಿಣದ ಮೇಲೆ ಕಬ್ಬಿಣ ನಾಲ್ಕೈದು ಸಲ ಬಡಿದ ಸದ್ದು. ಆಮೇಲೆ ಏನೂ ಇಲ್ಲ.

ಮುಂದೆ ಬಂದು ನೋಡಿದೆ. ಅವರು ಟಾರ್ಚು ಆರಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು. "ಏನಾಯ್ತ್ರೀ?" ಅಂದೆ. ಅವರು ಎಣಿಸಲು ಶುರುಮಾಡಿದರು. ಒಂದು, ಎರಡು, ಮೂರು. ಯಾವ ಸ್ಪಾನರು ಕೇಳುತ್ತಿದ್ದಾರೋ ಎಂದು ನಾನು ಡಬ್ಬಿಯ ಹತ್ತಿರ ಹೋಗಿ ನಿಂತೆ. ಹದಿಮೂರು ದಾಟಿತು, ಹದಿನೇಳು ದಾಟಿತು, ಇಪ್ಪತ್ತು ದಾಟಿತು. ಅಷ್ಟು ದೊಡ್ಡ ಸ್ಪಾನರು ನಮ್ಮಲ್ಲಿ ಇರಲಿಲ್ಲ. ನಲವತ್ತರ ಮೇಲೆ ಎಲ್ಲೋ ದನಿ ಇಳಿದು ನಿಂತಿತು. ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಅವರು ನನ್ನ ತಲೆಯ ಮೇಲೆ ಕೈ ಇಡಲಿಲ್ಲ, ಬೈಯಲೂ ಇಲ್ಲ. ಮಧ್ಯಾಹ್ನ ಎಂದಿನಂತೆ ಊಟ ಮಾಡಿದರು.

ಮರುದಿನವೇ ಮೆಕ್ಯಾನಿಕ್ಕು ಟ್ರ್ಯಾಕ್ಟರುಗಳನ್ನು ಬಿಟ್ಟು ಬಂದರು. ಇಂಜಿನ್ನಿನ ತಲೆ, ಅಂದರೆ ವಾಲ್ವುಗಳಿರುವ ಮೇಲಿನ ಭಾಗ, ಬಿಚ್ಚಲು ಸಂಜೆಯಾಯಿತು. ವಾಲ್ವುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಎಂಟೂ ಬಗ್ಗ್ಯಾವೆ ಅಕ್ಕಾ. ಒಂದು ಪಿಸ್ಟನ್ ಮ್ಯಾಲೆ ಏಟು ಬಿದ್ದೈತೆ."

"ಗೆರೆ ತಪ್ಪಾ, ನಾನು ಬೆಲ್ಟ್ ಹಾಕಿದ್ದು ತಪ್ಪಾ?"

ಅವರು ಮತ್ತೆ ಬಗ್ಗಿದರು. ಇಂಜಿನ್ನಿನ ತಲೆ ತೆಗೆದಿದ್ದರಿಂದ ಪಿಸ್ಟನ್ನು ಮೇಲೆ ಬರುವುದು ಕಣ್ಣಿಗೇ ಕಾಣುತ್ತಿತ್ತು. ನಿಧಾನವಾಗಿ ಪುಲ್ಲಿ ತಿರುಗಿಸಿ ಅದನ್ನು ಮೇಲಕ್ಕೆ ತಂದು ನಿಲ್ಲಿಸಿ, ಪುಲ್ಲಿಯ ಹತ್ತಿರ ಮುಖ ಒಯ್ದು ನೋಡಿದರು. ಅಲ್ಲಿ ಬಿಳಿ ಗೆರೆ ಬಂದಿತ್ತೋ, ಹಳದಿ ಬಂದಿತ್ತೋ, ಅವರ ಬೆನ್ನು ನನಗೆ ಅಡ್ಡವಿತ್ತು. ನನ್ನ ಗಂಡ ಕುರ್ಚಿಯ ಮೇಲಿಂದ ನೋಡುತ್ತಿದ್ದರು. ಮೆಕ್ಯಾನಿಕ್ಕು ಜೇಬಿನಿಂದ ಉಜ್ಜುಕಾಗದದ ತುಂಡು ತೆಗೆದರು. ಎರಡೂ ಗೆರೆಗಳನ್ನು ಉಜ್ಜಿದರು. ಉಜ್ಜಿ, ಊದಿ, ಮತ್ತೆ ಉಜ್ಜಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಪುಲ್ಲಿಯ ಮೇಲೆ ಬೆಳ್ಳಗೆ ಹೊಳೆಯುವ ಲೋಹವಷ್ಟೇ ಇತ್ತು.

"ಯಾವುದು ಇತ್ತು?" ಅಂದೆ.

"ನಾನು ನೋಡ್ಲಿಲ್ಲ ಅಕ್ಕಾ," ಅಂದರು. ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ಇನ್ನು ಇದು ಯಾರಿಗೂ ಬ್ಯಾಡ."

ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಉತ್ತರ ನನ್ನಿಂದ ನಾಲ್ಕು ಅಡಿ ದೂರದಲ್ಲಿತ್ತು. ತಪ್ಪು ನನ್ನದಾಗಿದ್ದರೆ ಹೊತ್ತುಕೊಳ್ಳುತ್ತಿದ್ದೆ. ಬಸ್ಸು ಹತ್ತಲು ಹೊರಟ ಅವರನ್ನು ಬೀದಿಯ ತಿರುವಿನವರೆಗೂ ಹಿಂಬಾಲಿಸಿಕೊಂಡು ಹೋಗಿ ಮತ್ತೆ ಕೇಳಿದೆ. "ಮನೀಗೆ ಹೋಗ್ರಿ, ಅಣ್ಣಾರು ಒಬ್ಬರೇ ಅದಾರೆ," ಅಂದರು. ಆಗ ನನಗೆ ಹೊಳೆಯಿತು. ಇವರು ತೋರಿಸಿದ ಗೆರೆ ಸರಿಯಿದ್ದಿದ್ದರೆ, ತಪ್ಪು ಬರೀ ನನ್ನದಾಗಿದ್ದರೆ, ಅವರು ಉಜ್ಜುತ್ತಿದ್ದರೇ? ಬಹುಶಃ ಉಜ್ಜುತ್ತಿದ್ದರು. ಉಜ್ಜದೆಯೂ ಇರಬಹುದಿತ್ತು. ಒಳಗೆ ಎಲ್ಲ ಹಾಗೇ ಇದೆ ಎಂಬ ಮಾತನ್ನು ಆ ದಿನದಿಂದ ಯಾರೂ ನಮ್ಮ ಮನೆಯಲ್ಲಿ ಆಡಲಿಲ್ಲ.

ಇವರು ಶೆಡ್ಡಿಗೆ ಹೋಗುವುದನ್ನು ಬಿಟ್ಟರು. ನಾನು ಕರೆದರೂ ಕೋಲು ಮುಟ್ಟಲಿಲ್ಲ. ವಾಲ್ವುಗಳು ಆನ್‌ಲೈನಿನಲ್ಲಿ ಸಿಗುತ್ತವೆಯೇ ಎಂದು ಹುಡುಕಿದೆ. ನಮ್ಮ ವರ್ಷದ ಗಾಡಿಯವು ಇರಲಿಲ್ಲ. ನ್ಯಾಮತಿಯ ಸ್ಕೂಲಿನಲ್ಲಿ ನನ್ನ ಸಹೋದ್ಯೋಗಿ ಒಬ್ಬರು, ಸೂರಗೊಂಡನಕೊಪ್ಪದವರು, ಇವರನ್ನು ತಮ್ಮ ಊರಿನ ಗುಡಿಗೆ ಒಂದು ಸಲ ಕರೆತನ್ನಿ, ಹರಕೆ ಹೊತ್ತುಕೊಳ್ಳೋಣ ಅಂದರು. ಕರೆದೊಯ್ದೆ. ಕೈಮುಗಿಯಿರಿ ಎಂದರೆ ಒಂದೇ ಕೈ ಎದೆಯವರೆಗೆ ಎತ್ತಿದರು. ಏನು ಬೇಡಿಕೊಂಡರೋ ತಿಳಿಯಲಿಲ್ಲ. ನಾನು ಏನು ಬೇಡಬೇಕೆಂದು ನನಗೂ ತಿಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಜಗಳೂರಿನಿಂದ ಒಬ್ಬ ಹತ್ತಿ ವ್ಯಾಪಾರಿ ಬಂದರು. ಇವರಿಗೆ ಹಳೆಯ ಪರಿಚಯ. ಅವರ ಬಳಿಯೂ ಇದೇ ಮಾದರಿಯ ಕಾರು ಇತ್ತು, ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ ಅದರ ರೋಗಗಳನ್ನು ಹಂಚಿಕೊಳ್ಳುತ್ತಿದ್ದರು. ಅವರ ಕಾರಿನ ತಳ ತುಕ್ಕು ಹಿಡಿದು ಹೋಗಿತ್ತು, ಇಂಜಿನ್ನಿನ ತಲೆ ಚೆನ್ನಾಗಿತ್ತು. ನಮ್ಮ ಕಾರಿಗೆ ಅದನ್ನು ಕೂರಿಸಬಹುದು ಎಂಬುದು ಅವರ ಲೆಕ್ಕ. ಸಂಕೋಚದಿಂದ, ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು.

"ಇಲ್ಲೇ ಇದ್ರೆ ಮಣ್ಣಾಗ್ತೈತೆ ಅಕ್ಕಾರೆ. ನಾನು ಓಡಿಸ್ತೀನಿ. ಅಣ್ಣಾರು ಒಪ್ಪಿದ್ರೆ ಮಾತ್ರ."

ನಾನು ಇವರ ಮುಂದೆ ಕೂತು, "ಕೊಡೋಣಾ?" ಅಂದೆ. ಹೆಬ್ಬೆರಳಿಗೆ ಕಾದೆವು. ಅವರು ಎಡಗೈ ಮುಷ್ಟಿ ಮಾಡಿ, ಬೆರಳನ್ನು ಒಳಗೆ ಸೇರಿಸಿ, ತೊಡೆಯ ಸಂದಿಯಲ್ಲಿ ಇಟ್ಟುಕೊಂಡುಬಿಟ್ಟರು. ಮೂರು ಸಲ ಕೇಳಿದೆ. ವ್ಯಾಪಾರಿ ನೆಲ ನೋಡುತ್ತಿದ್ದರು. ಕೊನೆಗೆ ನಾನೇ ಹೇಳಬೇಕಾಯಿತು. "ತಗೊಂಡು ಹೋಗ್ರಿ," ಅಂದೆ.

ಲಾರಿ ಬಂದ ದಿನ ಇವರು ಎಷ್ಟೋ ತಿಂಗಳ ಮೇಲೆ ಶೆಡ್ಡಿಗೆ ಬಂದರು. ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತರು, ಬಲಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಬಾಗಿಲು ಹಾಕಿಕೊಂಡರು. ಲಾರಿಯವರು ಹಲಗೆ ಹಾಕಿ ಕಾದರು. ಇವರು ಇಳಿಯಲಿಲ್ಲ. ನಾನು ಕರೆಯಲು ಹೊರಟಾಗ ವ್ಯಾಪಾರಿ ತಡೆದು, ತಾವೇ ಕಿಟಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಅವಸರ ಇಲ್ಲ ಅಣ್ಣಾರೆ. ಕೂತ್ಕಳ್ರಿ."

ನಾನು ಎಲ್ಲರಿಗೂ ಚಹಾ ಮಾಡಿ ತಂದೆ. ಇವರಿಗೂ ಕಿಟಕಿಯಿಂದ ಕೊಟ್ಟೆ. ಕುಡಿದು ಲೋಟ ವಾಪಸು ಕೊಟ್ಟರು. ಒಂದು ಗಂಟೆಯಾದಮೇಲೆ ಯಾರೂ ಹೇಳದೆ ಇಳಿದರು. ಕಾರು ಹಲಗೆ ಹತ್ತುವಾಗ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಮಲಗಿಕೊಂಡರು.

ಎರಡು ತಿಂಗಳ ಮೇಲೆ ನನ್ನ ಮೊಬೈಲಿಗೆ ವ್ಯಾಪಾರಿ ಒಂದು ವಿಡಿಯೊ ಕಳಿಸಿದರು. ಕಾರು ಓಡುತ್ತಿತ್ತು. ಜಗಳೂರಿನ ಹೊರಗಿನ ನೇರ ರಸ್ತೆ, ಎರಡೂ ಕಡೆ ಮೆಕ್ಕೆಜೋಳ ಕೊಯ್ದ ಹೊಲ. ಕ್ಯಾಮೆರಾದ ಮುಂದೆ ಬಂದು ನಿಂತಾಗ ಇಂಜಿನ್ನು ಒಂದೇ ಸಮನೆ ಕೇಳಿಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ನೋಡಿ ಮೊಬೈಲು ಮುಚ್ಚಿಟ್ಟೆ. ತೋರಿಸಿದರೆ ಖುಷಿಪಡುತ್ತಾರೋ, ಕುಗ್ಗುತ್ತಾರೋ? ಕೇಳುವುದಾದರೂ ಯಾರನ್ನು? ಹನ್ನೊಂದು ದಿನ ಅದು ನನ್ನ ಬ್ಯಾಗಿನಲ್ಲಿ ಮನೆಗೂ ಸ್ಕೂಲಿಗೂ ಓಡಾಡಿತು.

ಒಂದು ರಜಾದಿನ ಮಧ್ಯಾಹ್ನ ತೋರಿಸಿದೆ. ಒಂದು ಸಲ ನೋಡಿದರು. ಎರಡನೆಯ ಸಲ ಕಣ್ಣು ಮುಚ್ಚಿ ಬರೀ ಕೇಳಿದರು. ಬೆರಳಿನಿಂದ ತಾವೇ ಒತ್ತಿ ಇನ್ನೆರಡು ಸಲ ಹಾಕಿದರು. ಆಮೇಲೆ ಮೊಬೈಲು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡುತ್ತಾ, ಸ್ಪಷ್ಟವಾಗಿ, "ನೀರು" ಅಂದರು.

ನೀರೇ ಬೇಕಿತ್ತೋ ಎಂದು ಬೆರಳನ್ನು ಕೇಳದೆ, ಒಳಗೆ ಹೋಗಿ ಲೋಟದಲ್ಲಿ ನೀರು ತಂದುಕೊಟ್ಟೆ. ಅವರು ಲೋಟವನ್ನು ಸ್ವಲ್ಪ ಹೊತ್ತು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅದನ್ನು ಪೂರ್ತಿ ಕುಡಿದರು.